ಮೈನಸ್ 14 ಕೆಜಿ ತೊಗರಿಬೇಳೆ

ತಿಪಟೂರಿನಲ್ಲಿ ನಮ್ಮದು ಎರಡು ದಿನಸಿ ಅಂಗಡಿ. ಬಿ.ಎಚ್. ರಸ್ತೆಯಿಂದ ಒಳಕ್ಕೆ ತಿರುಗುವ ಅಡ್ಡರಸ್ತೆಯಲ್ಲಿರುವುದು ಅಪ್ಪ ಹಾಕಿದ್ದು. ಅದನ್ನು ಈಗ ನಾನು ನೋಡಿಕೊಳ್ಳುತ್ತೇನೆ, ನನ್ನನ್ನು ಅಪ್ಪ ನೋಡಿಕೊಳ್ಳುತ್ತಾರೆ. ಊರಾಚೆಯ ಹೊಸ ಬಡಾವಣೆಯಲ್ಲಿರುವುದು ತಮ್ಮನದು. ಮನೆಯ ಹಿಂದುಗಡೆ ಗೋಡೌನ್. ಈ ಮೂರೂ ಕಡೆಯ ಸರಕಿನ ಲೆಕ್ಕ ಇಷ್ಟು ವರ್ಷ ಇದ್ದದ್ದು ಒಂದೇ ಜಾಗದಲ್ಲಿ, ಅಪ್ಪನ ತಲೆಯಲ್ಲಿ. ತೊಗರಿ ಎಷ್ಟಿದೆ ಅಂತ ಕೇಳಿದರೆ ಅವರು ಕುರ್ಚಿ ಬಿಟ್ಟು ಏಳುವುದಿಲ್ಲ. "ನಾಲ್ಕೂವರೆ ಚೀಲ. ಅರ್ಧದ ಬಾಯಿ ಕಟ್ಟಿಲ್ಲ, ಹೋಗಿ ಕಟ್ಟು" ಅನ್ನುತ್ತಾರೆ. ಹೋಗಿ ನೋಡಿದರೆ ನಾಲ್ಕೂವರೆಯೇ, ಬಾಯಿ ಕಟ್ಟಿಲ್ಲದ್ದೂ ನಿಜ.

ಕಂಪ್ಯೂಟರ್ ಇರಲಿಲ್ಲ ಅಂತಲ್ಲ. ನನ್ನ ಅಂಗಡಿಯಲ್ಲಿ ಬಿಲ್ಲು ಹೊಡೆಯಲು ಒಂದು ಹಳೇ ಸಾಫ್ಟ್‌ವೇರ್ ಇತ್ತು. ಅದಕ್ಕೆ ಮಾರಿದ್ದು ಗೊತ್ತು, ತಂದದ್ದು ಗೊತ್ತಿಲ್ಲ. ತಮ್ಮ ಮೊಬೈಲಿನ ಒಂದು ಆಪ್‌ನಲ್ಲಿ ಬಿಲ್ಲು ಮಾಡುತ್ತಿದ್ದ. ಗೋಡೌನಿಗೆ ಬಂದ ಸರಕು ಉದ್ದ ನೋಟ್‌ಬುಕ್ಕಿನಲ್ಲಿ. ಖರೀದಿ ಬಿಲ್ಲುಗಳನ್ನೆಲ್ಲ ಒಂದು ಕೈಚೀಲದಲ್ಲಿ ತುಂಬಿ ತಿಂಗಳಿಗೊಮ್ಮೆ ಆಡಿಟರ್ ಆಫೀಸಿಗೆ ಕೊಟ್ಟು ಬರುತ್ತಿದ್ದೆ, ಅವರು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿನಲ್ಲಿ ಹಾಕಿಕೊಳ್ಳುತ್ತಿದ್ದರು. ಒಂದೇ ವ್ಯಾಪಾರಕ್ಕೆ ನಾಲ್ಕು ಲೆಕ್ಕ. ನಾಲ್ಕಕ್ಕೂ ಬೇರೆ ಬೇರೆ ಉತ್ತರ.

2025ರ ಜುಲೈ ಬರುವವರೆಗೆ ಇದು ಹೀಗೇ ನಡೆದಿತ್ತು. ಆ ತಿಂಗಳು ಕರ್ನಾಟಕದಲ್ಲಿ ಸಣ್ಣ ವ್ಯಾಪಾರಿಗಳಿಗೆ ಯುಪಿಐ ವಹಿವಾಟಿನ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ನೋಟಿಸು ಬಂದವಲ್ಲ, ಬೇಕರಿ, ಕಾಂಡಿಮೆಂಟ್ಸ್ ಅಂಗಡಿಗಳ ಮುಂದೆ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅನ್ನುವ ಚೀಟಿ ಅಂಟಿಸಿದರಲ್ಲ, ಆಗ. ನಮಗೆ ನೋಟಿಸು ಬರಲಿಲ್ಲ. ನಾವು ಮೊದಲಿನಿಂದ ಜಿಎಸ್‌ಟಿ ನೋಂದಣಿ ಇದ್ದವರು. ಆದರೂ ಆಡಿಟರ್ ಕರೆದರು. "ತಮ್ಮನ ಅಂಗಡಿಯ ಕ್ಯೂಆರ್ ಯಾರ ಖಾತೆಗೆ ಹೋಗುತ್ತೆ?" ಅಂದರು. ಅಮ್ಮನ ಎಸ್‌ಬಿ ಖಾತೆಗೆ. ಅಂಗಡಿ ಶುರು ಮಾಡಿದ ದಿನ ತಮ್ಮನ ಕರೆಂಟ್ ಅಕೌಂಟ್ ಆಗಿರಲಿಲ್ಲ, ಸದ್ಯಕ್ಕೆ ಇರಲಿ ಅಂತ ಅಮ್ಮನ ನಂಬರ್ ಹಾಕಿದ್ದೆವು. ಆ "ಸದ್ಯಕ್ಕೆ" ಮೂರು ವರ್ಷವಾಗಿತ್ತು. ಆಡಿಟರ್ ಬೈಯಲಿಲ್ಲ. "ಗಲ್ಲಾ, ಬಿಲ್ಲು, ಸ್ಟಾಕು ಮೂರೂ ಒಂದೇ ಮಾತು ಹೇಳಬೇಕು ನೋಡಿ. ಈಗ ಮೂರೂ ಮೂರು ಹೇಳ್ತಾವೆ" ಅಂದರು ಅಷ್ಟೆ. ಬೈದಿದ್ದರೇ ವಾಸಿಯಿತ್ತು.

ಸಾಫ್ಟ್‌ವೇರ್ ಮಾರುವವರು ಮೂರು ಜನ ಬಂದು ತೋರಿಸಿದರು. ಎಲ್ಲರದ್ದೂ ಚೆಂದ. ಬಣ್ಣಬಣ್ಣದ ಗ್ರಾಫು, ಫೋನಿನಲ್ಲೇ ಎರಡೂ ಅಂಗಡಿಯ ವ್ಯಾಪಾರ ಕಾಣುತ್ತದೆ, ಗಿರಾಕಿಗೆ ವಾಟ್ಸಾಪಿನಲ್ಲಿ ಬಿಲ್ಲು ಹೋಗುತ್ತದೆ. ನಾನು ಕೇಳಿದ್ದು ಒಂದೇ ಪ್ರಶ್ನೆ: "50 ಕೆಜಿ ಚೀಲ ತಗೊಂಡು ಕಾಲು ಕೆಜಿ ಮಾರ್ತೀನಿ. ಅದೇ ಚೀಲದಿಂದ ಒಂದೊಂದು ಕೆಜಿ ಪೊಟ್ಟಣಾನೂ ಕಟ್ತೀನಿ. ಇದು ಹೇಗೆ ಬರುತ್ತೆ ತೋರಿಸಿ." ಮೊದಲ ಇಬ್ಬರು ಮತ್ತೆ ಗ್ರಾಫಿಗೇ ಹೋದರು. ಮೂರನೆಯ ಹುಡುಗ ಮಾತ್ರ "ನಿಮ್ಮಲ್ಲಿ ಚೀಲ ಒಡೆಯೋರು ಯಾರು ಸರ್?" ಅಂತ ತಿರುಗಿ ಕೇಳಿದ. ಅವನದ್ದೇ ತಗೊಂಡೆವು.

ಆಮೇಲೆ ತಿಳಿದದ್ದು, ಸಾಫ್ಟ್‌ವೇರ್ ತರುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಹಗುರದ ಭಾಗ ಅಂತ. ಭಾರವಾದದ್ದು ಹೆಸರಿಡುವುದು.

ಐಟಂ ಪಟ್ಟಿ ಮಾಡಿ ಕೊಡಿ ಅಂದಿದ್ದ ಹುಡುಗ. ನನ್ನ ಹಳೇ ಕಂಪ್ಯೂಟರಿನ ಪಟ್ಟಿ, ತಮ್ಮನ ಮೊಬೈಲಿನ ಪಟ್ಟಿ, ಗೋಡೌನ್ ನೋಟ್‌ಬುಕ್ಕು ಮೂರನ್ನೂ ಎದುರಿಗಿಟ್ಟುಕೊಂಡು ಕೂತೆ. ನನ್ನಲ್ಲಿ "ತೊ.ಬೇ. ನಂ. 1". ತಮ್ಮನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ "ತೊಗರಿ" ಮೂರು ಸ್ಪೆಲ್ಲಿಂಗಿನಲ್ಲಿ ಮೂರು ಸಲ, ಜೊತೆಗೆ "ತೂರ್ ದಾಲ್" ಬೇರೆ. ನೋಟ್‌ಬುಕ್ಕಿನಲ್ಲಿ ಅಪ್ಪನ ಕೈಬರಹದಲ್ಲಿ "ಫಟ್ಕಾ", "ಗುಲ್ಬರ್ಗ". ಎಲ್ಲ ಸೇರಿ ಏಳು ಹೆಸರು. ಸರಕು ಎರಡೇ: ಫಟ್ಕಾ ಅನ್ನುವ ಬಗೆಯ ತೊಗರಿಬೇಳೆ ಒಂದು, ಕಲಬುರಗಿ ಕಡೆಯದು ಒಂದು. ರವೆಯಲ್ಲಿ ಇದರ ಉಲ್ಟಾ. ಪಟ್ಟಿಯಲ್ಲಿ "ರವೆ" ಅಂತ ಒಂದೇ ಸಾಲು, ಅಂಗಡಿಯಲ್ಲಿ ಬನ್ಸಿ ರವೆ, ಚಿರೋಟಿ ರವೆ, ಇಡ್ಲಿ ರವೆ, ಮೀಡಿಯಂ ರವೆ. ಬಿಲ್ಲು ಹೊಡೆಯುವ ಹುಡುಗ ಎಲ್ಲವನ್ನೂ "ರವೆ"ಗೇ ಒತ್ತಿ ದರ ಮಾತ್ರ ಕೈಯಲ್ಲಿ ಬದಲಿಸುತ್ತಿದ್ದನಂತೆ. ನಾಲ್ಕು ವರ್ಷ ಹಾಗೆ ಮಾಡಿದ್ದಾನೆ, ನನಗೆ ಗೊತ್ತೇ ಇಲ್ಲ.

ಅಪ್ಪನ ಕಾಲದಲ್ಲಿ ಡಿಟಿಪಿಯವರ ಹತ್ತಿರ ಟೈಪ್ ಮಾಡಿಸಿದ್ದ ಕನ್ನಡ ಪಟ್ಟಿಯೊಂದು ಸಿಕ್ಕಿತು, ಬಹಳ ಅಚ್ಚುಕಟ್ಟಾಗಿತ್ತು. ಅದು ಯೂನಿಕೋಡ್‌ಗೆ ಮುಂಚಿನ ಫಾಂಟಿನದ್ದು. ಹೊಸದಕ್ಕೆ ಅಂಟಿಸಿದರೆ ಉದ್ದಿನಬೇಳೆ ಹೋಗಿ ಇಂಗ್ಲಿಷ್ ಅಕ್ಷರಗಳ ಜಾತ್ರೆಯಾಯಿತು. 1,900 ಚಿಲ್ಲರೆ ಐಟಂ, ಕೂತು ಟೈಪ್ ಮಾಡಿದೆವು. ಹೆಸರು ಕನ್ನಡದಲ್ಲೇ ಇರಬೇಕು ಅಂತ ನಾನು ಹಟ ಹಿಡಿದೆ. ಅದಕ್ಕೂ ತೊಡಕು ಬಂತು. ಬಿಲ್ಲು ಬರುವ ಥರ್ಮಲ್ ಪ್ರಿಂಟರಿನ ಒಳಗೆ ಕನ್ನಡ ಅಕ್ಷರವಿಲ್ಲ, ಸಾಲುಸಾಲು ಪ್ರಶ್ನೆಚಿಹ್ನೆ ಬಂತು. ಇಡೀ ಬಿಲ್ಲನ್ನು ಚಿತ್ರದಂತೆ ಕಳಿಸಿದರೆ ಅಕ್ಷರ ಬರುತ್ತದೆ, ಒಂದೆರಡು ಸೆಕೆಂಡು ನಿಧಾನ. ಆ ಎರಡು ಸೆಕೆಂಡು ಪರವಾಗಿಲ್ಲ ಅಂದುಕೊಂಡೆ. ತಿಂಗಳ ಮೊದಲ ವಾರ ಕೌಂಟರಿನ ಮುಂದೆ ಹತ್ತು ಜನ ನಿಂತಿರುವಾಗ ಆ ಮಾತು ಹಿಂದಕ್ಕೆ ತೆಗೆದುಕೊಳ್ಳಬೇಕು ಅನ್ನಿಸುತ್ತದೆ. ತೆಗೆದುಕೊಂಡಿಲ್ಲ.

ಹೆಸರಾದ ಮೇಲೆ ತೆರಿಗೆ. ತೊಗರಿಬೇಳೆಯನ್ನು ಗಿರಾಕಿಯ ಎದುರು ತೂಗಿ ಕೊಟ್ಟರೆ ಜಿಎಸ್‌ಟಿ ಇಲ್ಲ. ಅದೇ ಬೇಳೆಯನ್ನು ಮೊದಲೇ ಪೊಟ್ಟಣ ಕಟ್ಟಿ ಲೇಬಲ್ ಹಚ್ಚಿ ಇಟ್ಟರೆ 5 ಪರ್ಸೆಂಟ್. 2022ರ ಜುಲೈ 18ರಿಂದ ಹೀಗಿದೆ, 25 ಕೆಜಿವರೆಗಿನ ಪ್ಯಾಕಿಗೆ. ಅಕ್ಕಿ 26 ಕೆಜಿ ಚೀಲದಲ್ಲಿ ಬರಲು ಶುರುವಾದದ್ದು ಯಾಕೆ ಅಂತ ತಲೆ ಕೆಡಿಸಿಕೊಂಡವರಿಗೆ ಉತ್ತರ ಇಲ್ಲೇ ಇದೆ. ಹಾಗಾಗಿ ಒಂದು ಫಟ್ಕಾ ತೊಗರಿ ಸಾಫ್ಟ್‌ವೇರಿನಲ್ಲಿ ಮೂರು ಐಟಂ ಆಯಿತು: ಚೀಲ, ಬಿಡಿ, ಪೊಟ್ಟಣ. ತೆರಿಗೆ ಬೇರೆ, ಅಳತೆ ಬೇರೆ, ದರ ಬೇರೆ. ಅಪ್ಪ ಪರದೆಗೆ ಕಣ್ಣು ಹಚ್ಚಿ ನೋಡಿ, "ಏಳನ್ನ ಎರಡು ಮಾಡ್ತೀನಿ ಅಂತ ಕೂತೋನು ಆರು ಮಾಡಿದ್ದೀಯ" ಅಂದರು.

ಎಣಿಕೆ ಗೌರಿ ಹಬ್ಬ ಮುಗಿದ ಮೇಲೆ, ಆಗಸ್ಟ್ ಕೊನೆಯ ಮೂರು ರಾತ್ರಿ. ಅಂಗಡಿ ಬಾಗಿಲು ಅರ್ಧ ಎಳೆದು, ಒಬ್ಬ ಎಣಿಸುವುದು, ಒಬ್ಬ ಒತ್ತುವುದು. ಶಾಂಪೂ ಸರಗಳನ್ನು ಎಣಿಸಿದ್ದೀರಾ ಯಾವತ್ತಾದರೂ? ಪೆಟ್ಟಿಗೆ ಒಂದು ಲೆಕ್ಕ, ಸರ ಒಂದು ಲೆಕ್ಕ, ಸರದಿಂದ ಹರಿದು ಮಾರುವ ಪೊಟ್ಟಣ ಇನ್ನೊಂದು. ಹರಿದು ಉಳಿದ ತುಂಡುಗಳೇ ಒಂದು ಡಬ್ಬ. ಅಕ್ಕಿ ಚೀಲಗಳ ಹಿಂದಿನಿಂದ 2023ರಲ್ಲಿ ಅವಧಿ ಮುಗಿದ ಹಪ್ಪಳದ ಒಂದು ಕಟ್ಟು ಸಿಕ್ಕಿತು. ಅದನ್ನೂ ಎಣಿಸಬೇಕಾ ಅಂತ ಅಂಗಡಿ ಹುಡುಗ ಕೇಳಿದ. ಎಣಿಸು, ಹಾಳಾದದ್ದು ಅಂತ ಬರಿ ಅಂದೆ. ಹೊಸ ಸಾಫ್ಟ್‌ವೇರಿನಲ್ಲಿ ಮೊಟ್ಟಮೊದಲ ಎಂಟ್ರಿ ಅದೇ. ಬೋಣಿಗೆ ಹಪ್ಪಳದ ನಷ್ಟ.

ಸೆಪ್ಟೆಂಬರ್ 1, ಸೋಮವಾರ, ಹೊಸದರಲ್ಲಿ ವ್ಯಾಪಾರ ಶುರು. ಬೆಳಿಗ್ಗೆ ಎಂಟೂವರೆ ಹೊತ್ತಿಗೆ ನಮ್ಮ ಹಳೇ ಗಿರಾಕಿ ಅಜ್ಜಿಯೊಬ್ಬರು ಬಂದು ಅರ್ಧ ಕೆಜಿ ಉಂಡೆ ಬೆಲ್ಲ ಕೇಳಿದರು. ಹೊಸ ತಕ್ಕಡಿ ತೂಗಿ ತಾನೇ ಲೇಬಲ್ ಉಗುಳುತ್ತದೆ, ಅದನ್ನು ಕೌಂಟರಿನಲ್ಲಿ ಸ್ಕ್ಯಾನ್ ಮಾಡಿದರಾಯಿತು. ಮಾಡಿದೆ. ಪರದೆಯ ಮೇಲೆ 5 ರೂಪಾಯಿ ಬಂತು. ಅಜ್ಜಿ ಬಿಲ್ಲು ಹಿಡಿದು, "ಏನಪ್ಪಾ, ಬೆಲ್ಲ ಇಷ್ಟು ಇಳೀತಾ? ಹಂಗಾದ್ರೆ ಎಲ್ಡು ಕೆಜಿ ಕೊಡು" ಅಂದರು.

ಆ ಲೇಬಲ್ ನನ್ನ ಹತ್ತಿರ ಈಗಲೂ ಇದೆ. 2100042005006 ಅಂತ 13 ಅಂಕಿ. ಕಂಪನಿ ಸರಕಿನ ಮೇಲೆ ಸಾಮಾನ್ಯವಾಗಿ 890ರಿಂದ ಶುರುವಾಗುವ ಬಾರ್‌ಕೋಡ್ ನೋಡಿರುತ್ತೀರಿ, ಅದು ಭಾರತದಲ್ಲಿ ನೋಂದಣಿಯಾದ ಗುರುತು. 20ರಿಂದ 29ರವರೆಗೆ ಶುರುವಾಗುವುದು ಅಂಗಡಿಯವರು ಒಳಗೊಳಗೇ ಬಳಸಿಕೊಳ್ಳಲು ಬಿಟ್ಟದ್ದು. ನಮ್ಮದು 21. ಮುಂದಿನ 00042 ಉಂಡೆ ಬೆಲ್ಲದ ನಂಬರು. ಅದರ ಮುಂದಿನ 00500 ತೂಕ, ಗ್ರಾಂ ಲೆಕ್ಕದಲ್ಲಿ. ಕೊನೆಯ 6 ಮಿಕ್ಕ ಅಂಕಿಗಳೆಲ್ಲ ಸರಿಯಿವೆಯಾ ಅಂತ ತಾಳೆ ನೋಡಲು. ತಕ್ಕಡಿ 500 ಗ್ರಾಂ ಅಂತಲೇ ಸರಿಯಾಗಿ ಬರೆದಿತ್ತು. ಬಿಲ್ಲಿನ ಕಡೆ ಸೆಟ್ಟಿಂಗಿನಲ್ಲಿ "ತೂಕ" ಅಂತ ಇರಬೇಕಾದ ಕಡೆ "ಬೆಲೆ" ಅಂತ ಉಳಿದುಬಿಟ್ಟಿತ್ತು. 500 ಗ್ರಾಂ ಹೋಗಿ 500 ಪೈಸೆಯಾಯಿತು. ಅಜ್ಜಿಗೆ ಆ ಅರ್ಧ ಕೆಜಿಯನ್ನು 5 ರೂಪಾಯಿಗೇ ಕೊಟ್ಟೆ. ಎರಡು ಕೆಜಿ ಕೊಡಲಿಲ್ಲ.

ಎರಡನೇ ವಾರದ ಕೊನೆಗೆ ಅಪ್ಪ ಕೂಗಿದರು. ಪರದೆಯ ಮೇಲೆ ಕೆಂಪಕ್ಷರದಲ್ಲಿ: ತೊಗರಿಬೇಳೆ ಫಟ್ಕಾ ಬಿಡಿ, ಮೈನಸ್ 14 ಕೆಜಿ.

"ಇಲ್ಲದ ಬೇಳೆ ಹೆಂಗೆ ಮಾರಿದೆ ನೀನು?"

ಅವರು ನಗುತ್ತಿರಲಿಲ್ಲ. ನಿಜವಾಗಿ ಕೇಳುತ್ತಿದ್ದರು. ಅವರ ಲೆಕ್ಕದಲ್ಲಿ ಸರಕು ಮುಗಿದರೆ ಸೊನ್ನೆ. ಸೊನ್ನೆಯ ಕೆಳಗೆ ಅಂಗಡಿ ಇಲ್ಲ.

ಆದದ್ದು ಇಷ್ಟೆ. ಕಂಪ್ಯೂಟರಿನ ಲೆಕ್ಕದಲ್ಲಿ ಚೀಲ ಬೇರೆ, ಬಿಡಿ ಬೇರೆ. ಹುಡುಗ ಚೀಲ ಒಡೆದು ಡ್ರಮ್ಮಿಗೆ ಸುರಿದಾಗ "ಒಂದು ಚೀಲ ಹೋಯಿತು, 50 ಕೆಜಿ ಬಿಡಿ ಬಂತು" ಅಂತ ಯಾರಾದರೂ ಒತ್ತಬೇಕು. ಯಾರೂ ಒತ್ತಿರಲಿಲ್ಲ. ಚೀಲ ಗೋಡೌನಿನಲ್ಲಿ ಇದೆ ಅಂತಲೇ ಅದು ತಿಳಿದುಕೊಂಡಿದೆ, ಬಿಡಿ ಮಾತ್ರ ಖರ್ಚಾಗುತ್ತಲೇ ಇದೆ. ಹುಡುಗನಿಗೆ ಹೇಳಿದೆ, ಒಡೆದ ತಕ್ಷಣ ಬಂದು ಒತ್ತು ಅಂತ. ಎರಡು ದಿನ ಒತ್ತಿದ. ಮೂರನೇ ದಿನ ಮೈಕೈಗೆಲ್ಲ ಬೇಳೆ ಧೂಳು, ಎದುರಿಗೆ ಗಿರಾಕಿ, ಅವನಾದರೂ ಯಾವಾಗ ಬಂದು ಒತ್ತಬೇಕು? ಮರೆತ. ಅವನ ತಪ್ಪು ಅಂತ ನನಗೆ ಅನ್ನಿಸಲಿಲ್ಲ. ಕೆಲಸ ನಡೆಯುವುದು ಒಂದು ಕಡೆ, ಒತ್ತುವ ಗುಂಡಿ ಇನ್ನೊಂದು ಕಡೆ ಇಟ್ಟರೆ ಯಾರೇ ಆದರೂ ಮರೆಯುತ್ತಾರೆ.

ಪರಿಹಾರ ಸಾಫ್ಟ್‌ವೇರಿನವರಿಂದ ಬರಲಿಲ್ಲ, ತಮ್ಮನಿಂದ ಬಂತು. ಸರಕು ಲಾರಿಯಿಂದ ಇಳಿದಾಗಲೇ ಪ್ರತಿ ಚೀಲಕ್ಕೂ ಒಂದು ಬಾರ್‌ಕೋಡ್ ಚೀಟಿ ಪ್ರಿಂಟ್ ಮಾಡಿ ಹೊಲಿಗೆಯ ದಾರಕ್ಕೆ ಪಿನ್ನು ಹೊಡೆಯುವುದು. ಚೀಲ ಒಡೆಯುವವನು ಆ ದಾರ ಎಳೆಯಲೇಬೇಕಲ್ಲ, ಚೀಟಿ ಕೈಗೆ ಬಂದೇ ಬರುತ್ತದೆ. ಬಂದ ಚೀಟಿಯನ್ನು ಕಂಬಕ್ಕೆ ಕಟ್ಟಿದ ಹಳೇ ಬಿಸ್ಕತ್ತು ಡಬ್ಬಕ್ಕೆ ಹಾಕುವುದು. ರಾತ್ರಿ ಬಾಗಿಲು ಹಾಕುವ ಮುಂಚೆ ನಾನು ಡಬ್ಬ ಬೋರಲು ಹಾಕಿ, ಬಿದ್ದ ಚೀಟಿಗಳನ್ನೆಲ್ಲ ಟಿಕ್ ಟಿಕ್ ಅಂತ ಸ್ಕ್ಯಾನ್ ಮಾಡುತ್ತೇನೆ. ಮಧ್ಯಾಹ್ನ ಒಂದಿಷ್ಟು ಮೈನಸ್ ಕಂಡರೂ ರಾತ್ರಿಗೆ ಸರಿಹೋಗುತ್ತದೆ. 50 ಕೆಜಿ ಚೀಲದಲ್ಲಿ 49 ಕೆಜಿ 600 ಗ್ರಾಂ ಬಂದರೆ ಆ 400 ಗ್ರಾಂ ಎಲ್ಲಿ ಹೋಯಿತು ಅನ್ನುವುದೂ ಈಗ ಕಾಣುತ್ತದೆ. ಬೆಲ್ಲ ಬೇಸಿಗೆಯಲ್ಲಿ ಒಣಗಿ ತೂಕ ಇಳಿಯುತ್ತದೆ. ಬ್ಯಾಡಗಿ ಮೆಣಸಿನಕಾಯಿ ಮಳೆಗಾಲದಲ್ಲಿ ತಂಡಿ ಹೀರಿ ತೂಕ ಏರುತ್ತದೆ. ತಂದದ್ದಕ್ಕಿಂತ ಹೆಚ್ಚು ಮೆಣಸಿನಕಾಯಿ ಮಾರಿದ್ದೀರಿ ಅಂತ ಕಂಪ್ಯೂಟರ್ ಎಚ್ಚರಿಸಿದಾಗ ಅಪ್ಪ ಮಾತ್ರ ಆಶ್ಚರ್ಯಪಡಲಿಲ್ಲ.

ಇದರ ಮಧ್ಯೆ ಸೆಪ್ಟೆಂಬರ್ 3ರಂದು ಜಿಎಸ್‌ಟಿ ದರ ಬದಲಾವಣೆ ಘೋಷಣೆಯಾಯಿತು. ಹೊಸ ದರ 22ರಿಂದ, ನವರಾತ್ರಿಯ ಮೊದಲ ದಿನದಿಂದ. 12 ಮತ್ತು 28ರ ಸ್ಲ್ಯಾಬ್ ಹೋಯಿತು. ಬಿಸ್ಕತ್ತು, ಟೂತ್‌ಪೇಸ್ಟ್, ಶಾಂಪೂ, ತಲೆಗೆ ಹಚ್ಚುವ ಎಣ್ಣೆ 18ರಿಂದ 5ಕ್ಕೆ ಇಳಿಯಿತು. ತುಪ್ಪ 12ರಿಂದ 5ಕ್ಕೆ. ನಂದಿನಿ ತುಪ್ಪ ಲೀಟರಿಗೆ 650 ಇದ್ದದ್ದು 610 ಆಯಿತು. ಈಜು ಕಲಿಯಲು ಬಾವಿಗೆ ಇಳಿದ ಮೂರನೇ ದಿನಕ್ಕೇ ಮಳೆ ಹೊಡೆದ ಹಾಗಿತ್ತು ನಮ್ಮ ಪಾಡು.

ಆದರೆ ನಿಜ ಹೇಳಬೇಕು, ಮೂರೂ ಕಡೆಯ ಸರಕು ಒಂದೇ ಲೆಕ್ಕದಲ್ಲಿದ್ದದ್ದರ ಲಾಭ ಮೊದಲು ಸಿಕ್ಕಿದ್ದು ಆಗಲೇ. ಹಳೇ ಎಂಆರ್‌ಪಿಯ ಸರಕನ್ನೂ ಇಳಿದ ದರಕ್ಕೇ ಮಾರಬೇಕಿತ್ತು. 118ಕ್ಕೆ ಮಾರುತ್ತಿದ್ದದ್ದು 105. ಆ ವ್ಯತ್ಯಾಸಕ್ಕೆ ನಮ್ಮ ಡೀಲರುಗಳು ಕ್ರೆಡಿಟ್ ನೋಟ್ (ಅಷ್ಟು ದುಡ್ಡು ನಮ್ಮ ಲೆಕ್ಕಕ್ಕೆ ಜಮಾ ಮಾಡುವ ಚೀಟಿ) ಕೊಡಲು ಒಪ್ಪಿದರು. ಆದರೆ 21ರ ರಾತ್ರಿ ನಿಮ್ಮಲ್ಲಿ ಎಷ್ಟು ಸರಕಿತ್ತು ಅಂತ ಪಟ್ಟಿ ಬೇಕು ಅಂದರು. 21 ಭಾನುವಾರ. ರಾತ್ರಿ ಒಂಬತ್ತೂಮುಕ್ಕಾಲಿಗೆ ಎರಡೂ ಅಂಗಡಿ ಬಾಗಿಲು ಹಾಕಿ, ಡಬ್ಬದ ಚೀಟಿ ಸ್ಕ್ಯಾನ್ ಮಾಡಿ, ಕಂಪನಿವಾರು ಪಟ್ಟಿ ತೆಗೆದಾಗ ಹತ್ತೂವರೆ. ಪಕ್ಕದ ಬೀದಿಯ ಅಂಗಡಿಯವರು ಅವತ್ತು ಎರಡು ಗಂಟೆಯವರೆಗೆ ಸೋಪು ಎಣಿಸುತ್ತಿದ್ದರು.

ಸೋಪು ಅಂದಾಗ ನನ್ನ ಜಾಣತನವನ್ನೂ ಹೇಳಿಬಿಡುತ್ತೇನೆ. ಒಂದೊಂದೇ ಐಟಂ ತೆಗೆದು ತೆರಿಗೆ ಬದಲಿಸುವ ಬದಲು ಎಚ್‌ಎಸ್‌ಎನ್ ಕೋಡ್ (ತೆರಿಗೆಗಾಗಿ ಒಂದೊಂದು ಬಗೆಯ ಸರಕಿಗೆ ಕೊಟ್ಟ ನಂಬರು) ಹಿಡಿದು ಒಟ್ಟಿಗೆ ಬದಲಿಸಬಹುದು. 3401 ಸೋಪು, 5 ಪರ್ಸೆಂಟ್, ಓಕೆ. 18 ಇದ್ದ ಸೋಪೆಲ್ಲ ಒಂದೇ ಏಟಿಗೆ 5 ಆದವು. ಮೈಸೋಪೂ ಆಯಿತು, ಬಟ್ಟೆಸೋಪೂ ಆಯಿತು. ಕಡಿಮೆಯಾಗಿದ್ದು ಮೈಸೋಪಿಗೆ ಮಾತ್ರ. ಎರಡೂ ಒಂದೇ ಕೋಡಿನಲ್ಲಿದ್ದರೂ ಬಟ್ಟೆಸೋಪು 18ರಲ್ಲೇ ಉಳಿದಿತ್ತು. ಬಟ್ಟೆಸೋಪಿನ ಬಿಲ್ಲಿನಲ್ಲಿ ಗಿರಾಕಿ ಕೊಡುವ ದುಡ್ಡು ಬದಲಾಗಲಿಲ್ಲ, ಎಂಆರ್‌ಪಿ ಅಷ್ಟೇ ಇತ್ತು. ಒಳಗಿನ ತೆರಿಗೆ ಮಾತ್ರ ತಪ್ಪು, ಹಾಗಾಗಿ ಯಾರಿಗೂ ಕಾಣಲಿಲ್ಲ. ನಾಲ್ಕು ದಿನ ಬಿಟ್ಟು ಲಾಡ್ಜಿನವರೊಬ್ಬರು ಜಿಎಸ್‌ಟಿ ನಂಬರ್ ಕೊಟ್ಟು ಎರಡು ಪೆಟ್ಟಿಗೆ ಬಟ್ಟೆಸೋಪು ತಗೊಂಡು, ಬಿಲ್ಲು ನೋಡಿ, "ಇದಕ್ಕೂ ಇಳಿಸಿದ್ರಾ? ನಮ್ಮ ಅಕೌಂಟೆಂಟ್ ಇಲ್ಲ ಅಂದಿದ್ನಲ್ಲ" ಅಂದರು. ಆ ನಾಲ್ಕು ದಿನದ ಬಟ್ಟೆಸೋಪಿನ ಬಿಲ್ಲುಗಳನ್ನೆಲ್ಲ ಹುಡುಕಿ ತೆಗೆದು, ರಿಟರ್ನ್ ಹಾಕುವ ಮುಂಚೆ ಸರಿಮಾಡಿದೆವು. ಹಳೇ ಪದ್ಧತಿಯಲ್ಲಿ ತಪ್ಪು ಮಾಡಬೇಕಾದರೆ ಒಂದೊಂದಾಗಿ ಮಾಡಬೇಕಿತ್ತು. ಈಗ ನೂರು ತಪ್ಪಿಗೆ ಒಂದು ಗುಂಡಿ ಸಾಕು.

5 ರೂಪಾಯಿ ಬಿಸ್ಕತ್ತು 4 ರೂಪಾಯಿ 45 ಪೈಸೆ ಆದದ್ದು, ಆ 55 ಪೈಸೆಗೆ ಮಕ್ಕಳು ಕೈ ಚಾಚಿದ್ದು ಇನ್ನೊಂದು ಕಥೆ. ಬಿಡಿ.

ಇನ್ನು ಉದ್ರಿ. ತಿಂಗಳ ಲೆಕ್ಕದವರು ನಮ್ಮಲ್ಲಿ ಸುಮಾರು 140 ಮನೆ. ಅಪ್ಪನ ಖಾತೆ ಪುಸ್ತಕದಿಂದ ಬಾಕಿಯನ್ನೆಲ್ಲ ಹೊಸದಕ್ಕೆ ಏರಿಸುವ ಕೆಲಸ ನನ್ನ ಹೆಂಡತಿಯದು. ಅಪ್ಪ ಪುಸ್ತಕದಲ್ಲಿ ಯಾರ ಹೆಸರನ್ನೂ ಬರೆದವರಲ್ಲ. "ಹಸಿರು ಗೇಟು", "ಕೊಬ್ಬರಿ ಮಂಡಿ ರೈಟರು", "ಎರಡನೇ ಟೀಚರು", ಹೀಗೆ. ಅವಳು ಇದ್ದದ್ದನ್ನು ಇದ್ದಂತೆ ಟೈಪ್ ಮಾಡಿದಳು. ಬಿಲ್ಲಿನ ತಲೆಯಲ್ಲಿ ಗಿರಾಕಿಯ ಹೆಸರು ಅಚ್ಚಾಗುತ್ತದೆ ಅನ್ನುವುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ. ಒಂದು ಸಂಜೆ ನಿವೃತ್ತ ಮೇಷ್ಟ್ರೊಬ್ಬರು ಕನ್ನಡಕ ಏರಿಸಿಕೊಂಡು ಬಂದು ಬಿಲ್ಲನ್ನು ಕೌಂಟರಿನ ಮೇಲಿಟ್ಟರು. ಮೇಲೆ ದಪ್ಪಕ್ಷರದಲ್ಲಿ "ಸಿಡುಕು ಮೇಷ್ಟ್ರು, ಹಿಂದಿನ ಬಾಕಿ 2,340".

"ಕನ್ನಡ ಪ್ರಿಂಟು ಚೆನ್ನಾಗಿ ಬಂದಿದೆ. ಒತ್ತಕ್ಷರಾನೂ ಮುರಿದಿಲ್ಲ. ಇದು ಯಾರು ಇಟ್ಟ ಹೆಸರು?"

ಅಪ್ಪ ಅಷ್ಟರಲ್ಲಿ ಗೋಡೌನಿಗೆ ಹೋಗಿಬಿಟ್ಟಿದ್ದರು. ಕಾಲುನೋವು ಅಂತ ಕುರ್ಚಿ ಬಿಡದವರು. ಮೇಷ್ಟ್ರು ಬಾಕಿ ಅಷ್ಟೂ ಎಣಿಸಿಕೊಟ್ಟರು. ಈಗಲೂ ನಮ್ಮಲ್ಲೇ ಸಾಮಾನು ತಗೊಳ್ಳುತ್ತಾರೆ, ಬಿಲ್ಲಿನ ತಲೆ ಮೊದಲು ಓದಿ ಆಮೇಲೆ ಮೊತ್ತ ನೋಡುತ್ತಾರೆ.

ಅಕ್ಟೋಬರ್ 1ರ ಆಯುಧಪೂಜೆಗೆ ಅಪ್ಪ ತಕ್ಕಡಿಗೆ ಕುಂಕುಮ ಹಚ್ಚಿದರು, ಕಂಪ್ಯೂಟರಿಗೆ ಹಚ್ಚಿದರು, ಸ್ಕ್ಯಾನರಿನ ಹಣೆಗೂ ಹಚ್ಚಿದರು. ಅದರ ಹಣೆ ಅಂದರೆ ಕಣ್ಣೇ. ಮಾರನೇ ದಿನ ಅರ್ಧ ಗಂಟೆ ಸ್ಕ್ಯಾನರ್ ಕೆಟ್ಟಿದೆ ಅಂದುಕೊಂಡು ಕೇಬಲ್ ಕಿತ್ತು ಹಾಕಿ ನೋಡುತ್ತಿದ್ದೆ.

ಆ ವಾರವೇ ಮೊದಲ ತಿಂಗಳ ಎಣಿಕೆ. ಅಂಗಡಿಗಳೆರಡೂ ಹೆಚ್ಚುಕಡಿಮೆ ಸರಿ ಬಂದವು. ಗೋಡೌನ್ ಸರಿ ಬರಲಿಲ್ಲ. ಸೂರ್ಯಕಾಂತಿ ಎಣ್ಣೆ 9 ಪ್ಯಾಕೆಟ್ ಇಲ್ಲ, ಸಕ್ಕರೆ 6 ಕೆಜಿ ಇಲ್ಲ, ಎರಡು ತುಪ್ಪ, ಕಾಫಿಪುಡಿ, ಹಿಂಗು ಇಲ್ಲ. ತಮ್ಮನ ಕಡೆಯೂ ಒಂದು ಪೆಟ್ಟಿಗೆ ಎಣ್ಣೆ ಕಳಿಸಿದ್ದೇನೆ ಅಂತ ನನ್ನ ಎಂಟ್ರಿ ಇದೆ, ತಲುಪಿದೆ ಅಂತ ಅವನ ಎಂಟ್ರಿ ಇಲ್ಲ. ಹದಿನೆಂಟು ದಿನದಿಂದ ಆ ಪೆಟ್ಟಿಗೆ "ದಾರಿಯಲ್ಲಿದೆ" ಅಂತ ತೋರಿಸುತ್ತಿದೆ. ಎರಡು ಕಿಲೋಮೀಟರ್ ದಾರಿ. ಹುಡುಗರ ಮೇಲೆ ನನಗೆ ಅನುಮಾನ ಬಂತು. ಬಂದಿತ್ತು ಅಂತ ಒಪ್ಪಿಕೊಳ್ಳುತ್ತೇನೆ. ಒಬ್ಬನನ್ನು ಕರೆದು ಕೇಳಿಯೂ ಬಿಟ್ಟೆ. ಅವನು ಏನೂ ಹೇಳದೆ ನಮ್ಮ ಮನೆಯ ಹಿತ್ತಿಲ ಬಾಗಿಲು ನೋಡಿದ.

ಅಮ್ಮ. ಒಗ್ಗರಣೆಗೆ ಎಣ್ಣೆ ಮುಗಿದರೆ ಹಿತ್ತಿಲ ಬಾಗಿಲು ತೆರೆದು ಗೋಡೌನಿಗೆ ಕೈ ಹಾಕುವುದು ಅವಳು ಈ ಮನೆಗೆ ಬಂದಾಗಿನಿಂದ ಮಾಡಿಕೊಂಡು ಬಂದದ್ದು. ತಮ್ಮನ ಆ ಪೆಟ್ಟಿಗೆಯೂ ದಾರಿಯಲ್ಲಿ ಕಳೆದಿರಲಿಲ್ಲ, ಅವನ ಮನೆಯ ಅಡುಗೆಮನೆಯಲ್ಲಿ ಅರ್ಧ ಖರ್ಚಾಗಿತ್ತು. ಇಷ್ಟು ವರ್ಷದಲ್ಲಿ ನಮ್ಮ ಎರಡು ಮನೆ ಊಟಕ್ಕೆ ಎಷ್ಟು ಖರ್ಚು ಮಾಡುತ್ತವೆ ಅಂತ ನಾವು ಯಾರೂ ಲೆಕ್ಕ ಹಾಕಿದವರಲ್ಲ. ಮನೆಬಳಕೆಗೆ ತೆಗೆದ ಸರಕಿನ ಮೇಲೆ ಖರೀದಿಯಲ್ಲಿ ಕಟ್ಟಿದ್ದಕ್ಕೆ ಹಿಂದೆ ಪಡೆದ ತೆರಿಗೆ ಕ್ರೆಡಿಟ್ ವಾಪಸ್ ತೋರಿಸಬೇಕು ಅಂತ ಆಡಿಟರ್ ಬೇರೆ ಹೇಳಿದರು. ಅದಕ್ಕೆ "ಮನೆ" ಅಂತ ಒಂದು ಗಿರಾಕಿ ಖಾತೆ ತೆರೆದು, ತಗೊಂಡದ್ದನ್ನು ಒಂದು ಚೀಟಿಯಲ್ಲಿ ಬರೆದಿಡಮ್ಮ ಅಂದೆ.

ಅಮ್ಮ ಸೌಟು ಕೆಳಗಿಟ್ಟಳು. "ನಲವತ್ತು ವರ್ಷ ಆ ಅಂಗಡೀಗೆ ಮಧ್ಯಾಹ್ನದ ಊಟ ಕಟ್ಟಿ ಕಳ್ಸಿದ್ದೀನಿ. ಅದಕ್ಕೆ ಬಿಲ್ಲು ಎಲ್ಲಿ ಹಾಕಿದ್ದೀಯ, ತೋರ್ಸು."

ಮೂರು ದಿನ ನನ್ನ ಹತ್ತಿರ ಮಾತಾಡಲಿಲ್ಲ. ನಾಲ್ಕನೇ ದಿನ ಊಟದ ಕ್ಯಾರಿಯರಿನ ಮುಚ್ಚಳದ ಸಂದಿಯಲ್ಲಿ ಒಂದು ಚೀಟಿ ಬಂತು. "ಮನೆ: ಸಕ್ಕರೆ 1 ಕೆಜಿ, ಉದ್ದಿನ ಗೋಟಾ 1 ಕೆಜಿ. ಅಂಗಡಿ: ಊಟ 2, ಮಜ್ಜಿಗೆ 1." ಮೊದಲ ಸಾಲು ಎಂಟ್ರಿ ಮಾಡಿದೆ. ಎರಡನೆಯದನ್ನು ಪರದೆಯ ಅಂಚಿಗೆ ಅಂಟಿಸಿದ್ದೇನೆ.

ಕರೆಂಟು ಹೋದಾಗ ಏನು, ನೆಟ್ಟು ಹೋದಾಗ ಏನು ಅಂತ ಬಹಳ ಜನ ಕೇಳುತ್ತಾರೆ. ಯುಪಿಎಸ್ ಇದೆ. ನೆಟ್ಟು ಹೋದರೆ ಬಿಲ್ಲು ನಿಲ್ಲುವುದಿಲ್ಲ, ಬಂದಾಗ ತಾನೇ ಸೇರಿಕೊಳ್ಳುತ್ತದೆ. ಎರಡು ಕೌಂಟರಿಗೂ ಬೇರೆ ಬೇರೆ ಬಿಲ್ ನಂಬರ್ ಸರಣಿ ಇಟ್ಟುಕೊಂಡಿರಬೇಕು ಅಷ್ಟೆ, ಇಲ್ಲದಿದ್ದರೆ ಒಂದೇ ನಂಬರಿನ ಎರಡು ಬಿಲ್ಲು ಹುಟ್ಟುತ್ತವೆ. ಅದಕ್ಕಿಂತ ಕಷ್ಟ ಚಿಲ್ಲರೆ ವ್ಯಾಪಾರದ್ದು. 200 ರೂಪಾಯಿ ಒಳಗಿನ ಮಾರಾಟಕ್ಕೆ, ಗಿರಾಕಿ ಕೇಳದಿದ್ದರೆ, ಒಂದೊಂದಕ್ಕೂ ಬಿಲ್ಲು ಬೇಕಿಲ್ಲ, ದಿನದ ಕೊನೆಗೆ ಒಟ್ಟು ಒಂದು ಹಾಕಬಹುದು ಅಂತ ಕಾನೂನೇ ಬಿಟ್ಟಿದೆ. ಆದರೆ ಒಂದು ಬೆಂಕಿಪೊಟ್ಟಣವನ್ನು ಸ್ಕ್ಯಾನ್ ಮಾಡದೆ ಕೊಟ್ಟರೆ ಸ್ಟಾಕು ಕ್ಷಮಿಸುವುದಿಲ್ಲ. ಎಲೆ, ಬಾಳೆಹಣ್ಣು, ಬಿಡಿ ಮಿಠಾಯಿ ಈ ಮೂರನ್ನು ನಾನೇ ಕೈಬಿಟ್ಟಿದ್ದೇನೆ. ಅವಕ್ಕೆ ದಿನಕ್ಕೊಂದು ಅಂದಾಜಿನ ಎಂಟ್ರಿ. ಸಾಫ್ಟ್‌ವೇರಿನ ಹುಡುಗನಿಗೆ ಇದು ಹಿಡಿಸಿಲ್ಲ. ಅವನು ಕೌಂಟರಿನಲ್ಲಿ ಕೂರುವುದಿಲ್ಲ.

ಅಪ್ಪ ಈಗ ರಾತ್ರಿ ಹೊತ್ತು ಕಂಪ್ಯೂಟರಿನ ಜೊತೆ ಪಂದ್ಯ ಆಡುತ್ತಾರೆ. ನಾನು ಐಟಂ ಹೆಸರು ಹೇಳಬೇಕು, ಅವರು ಕಣ್ಣು ಮುಚ್ಚಿಕೊಂಡು ಎಷ್ಟಿದೆ ಅನ್ನುತ್ತಾರೆ, ಆಮೇಲೆ ಪರದೆ. ಬೇಳೆಗಳಲ್ಲಿ ಅವರದ್ದೇ ಮೇಲುಗೈ. ಶಾಂಪೂ, ಬಿಸ್ಕತ್ತಿನಲ್ಲಿ ಕಂಪ್ಯೂಟರು. ತಮ್ಮನ ಅಂಗಡಿಯದ್ದು ಕೇಳಿದರೆ "ಅದು ನಂಗೆ ಬೇಡ" ಅನ್ನುತ್ತಾರೆ.

ಒಂದೇ ಒಂದು ಐಟಂ ಮಾತ್ರ ಇಬ್ಬರಿಗೂ ಸರಿ ಬರುವುದಿಲ್ಲ. ಕಡಲೆಬೀಜ, ಬಿಡಿ. ತಿಂಗಳಿಗೆ ಒಂದೂಮುಕ್ಕಾಲು ಕೆಜಿ ಆಚೀಚೆ ತಪ್ಪದೆ ಕಮ್ಮಿ ಬರುತ್ತದೆ. ಕೊರತೆ ಬರೆಯುವಾಗ ಸಾಫ್ಟ್‌ವೇರ್ ಕಾರಣ ಕೇಳುತ್ತದೆ: ಹಾಳು, ಇಲಿ, ತೂಕ ಇಳಿತ, ಕಳವು, ಇತರೆ. ಕಳೆದ ತಿಂಗಳು ಆ ಪಟ್ಟಿ ತೆರೆದುಕೊಂಡು ಯೋಚಿಸುತ್ತಾ ಅಪ್ಪನ ಕಡೆ ನೋಡಿದೆ. ಡ್ರಮ್ಮಿನ ಪಕ್ಕದಲ್ಲೇ ಅವರ ಕುರ್ಚಿ, ಎಡಗೈ ಡ್ರಮ್ಮಿನ ಒಳಗೆ.

"ಇಲಿ ಅಂತ ಹಾಕು" ಅಂದರು.